ರೌಂಡ್ಸ್‌ಗೆ ಟ್ಯಾಬ್ ಬೇಕಾ, ಫೋನ್ ಸಾಕಾ, ಟ್ರಾಲಿ ಮೇಲೆ ಲ್ಯಾಪ್‌ಟಾಪ್ ಇಡೋಣವಾ?

ಪ್ರಶ್ನೆ: ಮಲೆನಾಡಿನ ಒಂದು ಜಿಲ್ಲಾ ಕೇಂದ್ರದಲ್ಲಿ ನಮ್ಮದು 120 ಹಾಸಿಗೆಯ ಖಾಸಗಿ ಆಸ್ಪತ್ರೆ. ನಾನು ಇಲ್ಲಿ ಫಿಸಿಷಿಯನ್. ಕಳೆದ ವರ್ಷ ಕೇಸ್ ಶೀಟ್‌ಗಳನ್ನೆಲ್ಲ ಕಂಪ್ಯೂಟರಿಗೆ ತಂದೆವು. ಆದರೆ ಕಂಪ್ಯೂಟರ್ ಇರುವುದು ನರ್ಸಿಂಗ್ ಸ್ಟೇಷನ್‌ನಲ್ಲಿ ಮಾತ್ರ. ರೋಗಿಯ ಪಕ್ಕ ನಿಂತಾಗ ನಮ್ಮ ಕೈಯಲ್ಲಿ ಏನೂ ಇರುವುದಿಲ್ಲ. ಡ್ಯೂಟಿ ಡಾಕ್ಟರುಗಳು ಪರದೆಯ ಫೋಟೊ ತೆಗೆದು ವಾಟ್ಸಾಪ್‌ನಲ್ಲಿ ಕಳಿಸುತ್ತಾರೆ. ನಮ್ಮ ಹಿರಿಯ ಸರ್ಜನ್ ಒಬ್ಬರು ಕಂಪ್ಯೂಟರ್ ಮುಟ್ಟುವುದೇ ಇಲ್ಲ. ಈಗ ಆಡಳಿತ ಮಂಡಳಿಯವರು ಎಲ್ಲ ಡಾಕ್ಟರಿಗೂ ಒಂದೊಂದು ದೊಡ್ಡ ಟ್ಯಾಬ್ ಕೊಡಿಸುತ್ತೇವೆ ಎನ್ನುತ್ತಿದ್ದಾರೆ. ಅದು ಸರಿಯಾದ ದಾರಿಯೇ? ಎಷ್ಟು ಇಂಚಿನದು ತರಿಸಬೇಕು? ಫೋನೇ ಸಾಕಾಗುತ್ತದೆಯೇ?

ಉತ್ತರ: ಡಾಕ್ಟರೇ, ನೇರವಾಗಿ ಹೇಳುತ್ತೇನೆ. ಎಲ್ಲರಿಗೂ ಒಂದೊಂದು ದೊಡ್ಡ ಟ್ಯಾಬ್ ತರಿಸುವುದನ್ನು ಸದ್ಯಕ್ಕೆ ನಿಲ್ಲಿಸಿ. ರೌಂಡ್ಸ್‌ನಲ್ಲಿ ನೀವು ಮಾಡುವುದು ಎರಡು ಬೇರೆ ಬೇರೆ ಕೆಲಸ. ಒಂದು ಓದುವುದು, ಇನ್ನೊಂದು ಬರೆಯುವುದು. ಕೈಯಲ್ಲಿ ಹಿಡಿಯುವ ಸಾಧನ ಓದುವುದಕ್ಕೆ ಚೆನ್ನಾಗಿದೆ. ಬರೆಯುವುದಕ್ಕೆ ಇವತ್ತಿಗೂ ನಿಜವಾದ ಕೀಬೋರ್ಡೇ ಬೇಕು. ಆದ್ದರಿಂದ ನನ್ನ ಸಲಹೆ ಹೀಗಿದೆ: ಓದಲು ಏಪ್ರನ್ ಜೇಬಿನಲ್ಲಿ ಹಿಡಿಯುವ ಎಂಟು ಇಂಚಿನ ಸುಮಾರಿನ ಚಿಕ್ಕ ಟ್ಯಾಬ್, ಬರೆಯಲು ವಾರ್ಡಿಗೆ ಒಂದು ಟ್ರಾಲಿ ಲ್ಯಾಪ್‌ಟಾಪ್. ಇವೆರಡಕ್ಕೂ ಮೊದಲು, ನಿಮ್ಮ ಸಾಫ್ಟ್‌ವೇರ್ ಚಿಕ್ಕ ಪರದೆಯಲ್ಲಿ ಹೇಗೆ ಕಾಣುತ್ತದೆ ಎಂದು ಕೂತು ನೋಡಬೇಕು. ಅದು ಸರಿಯಿಲ್ಲದಿದ್ದರೆ ಎಷ್ಟು ದುಡ್ಡು ಸುರಿದು ಟ್ಯಾಬ್ ತಂದರೂ ಎರಡು ತಿಂಗಳಲ್ಲಿ ಬೀರು ಸೇರುತ್ತದೆ.

ಯಾಕೆ ಹೀಗೆ ಹೇಳುತ್ತೇನೆ ಅಂದರೆ, ಒಂದು ಹಾಸಿಗೆಯ ಪಕ್ಕ ನಿಂತ ಎರಡು ನಿಮಿಷವನ್ನು ನೆನೆಸಿಕೊಳ್ಳಿ. ನಿಮಗೆ ಬೇಕಾಗುವುದು ಐದಾರು ಸಂಗತಿ. ರಾತ್ರಿ ಜ್ವರ ಎಷ್ಟಿತ್ತು, ಬಿಪಿ ಹೇಗಿದೆ, ಮೂತ್ರ ಎಷ್ಟು ಹೋಗಿದೆ, ಮೂತ್ರಪಿಂಡದ ಸ್ಥಿತಿ ಹೇಳುವ ಕ್ರಿಯಾಟಿನಿನ್ ಏರುತ್ತಿದೆಯೋ ಇಳಿಯುತ್ತಿದೆಯೋ, ಕಲ್ಚರ್ ರಿಪೋರ್ಟ್ ಬಂತೋ ಇಲ್ಲವೋ, ಈಗ ಯಾವ ಯಾವ ಔಷಧಿ ನಡೆಯುತ್ತಿದೆ. ಇದೆಲ್ಲ ಓದುವುದೇ ಅಲ್ವಾ? ಆಮೇಲೆ ಒಂದೆರಡು ಚಿಕ್ಕ ಆದೇಶ: ಈ ಆಂಟಿಬಯಾಟಿಕ್ ನಿಲ್ಲಿಸಿ, ನಾಳೆ ಪೊಟ್ಯಾಸಿಯಂ ಮತ್ತೆ ನೋಡಿ. ಇವನ್ನು ಬೆರಳಲ್ಲಿ ಒತ್ತಿ ಮುಗಿಸಬಹುದು. ಉದ್ದದ ಬರವಣಿಗೆ ಇರುವುದು ಬೇರೆ ಕಡೆ: ಹೊಸದಾಗಿ ಸೇರಿದ ರೋಗಿಯ ಪೂರ್ತಿ ಹಿಸ್ಟರಿ, ದಿನದ ಪ್ರೋಗ್ರೆಸ್ ನೋಟ್, ಡಿಸ್ಚಾರ್ಜ್ ಸಮರಿ.

ಈ ಉದ್ದದ ಬರವಣಿಗೆಯನ್ನು ಗಾಜಿನ ಮೇಲೆ ಮಾಡಿಸಲು ಹೋದಾಗಲೇ ಡಾಕ್ಟರುಗಳು ಸೋಲುವುದು. ಪರದೆಯ ಮೇಲೆ ಕೀಬೋರ್ಡ್ ಎದ್ದು ಬಂದರೆ ಅರ್ಧ ಪರದೆ ಅದೇ ತಿಂದುಬಿಡುತ್ತದೆ. ಮೇಲೆ ಉಳಿದ ಜಾಗದಲ್ಲಿ ರೋಗಿಯ ಮಾಹಿತಿ ಕಾಣುವುದಿಲ್ಲ. ಗಾಜಿನ ಮೇಲೆ ಕೀಲಿಗಳು ಬೆರಳಿಗೆ ತಗಲುವುದಿಲ್ಲವಾದ್ದರಿಂದ ಕಣ್ಣು ಅಲ್ಲೇ ನೆಟ್ಟಿರಬೇಕು. ಅಂದರೆ ರೋಗಿಯ ಮುಖ ನೋಡುವ ಹಾಗಿಲ್ಲ. ಒಂದು ಕೈ ಟ್ಯಾಬ್ ಹಿಡಿದಿರುತ್ತದೆ, ಆದ್ದರಿಂದ ಟೈಪ್ ಮಾಡಲು ಉಳಿಯುವುದು ಇನ್ನೊಂದೇ ಕೈ. ನಿಂತುಕೊಂಡೇ ಹೀಗೆ ಇಪ್ಪತ್ತು ರೋಗಿಗಳ ನೋಟ್ ಬರೆಯಿರಿ ಎಂದು ಯಾರಿಗೂ ಹೇಳಬಾರದು.

ಕಂಪ್ಯೂಟರ್ ದಾಖಲೆ ಡಾಕ್ಟರರ ಸಮಯವನ್ನು ಎಷ್ಟು ತಿನ್ನುತ್ತದೆ ಎಂಬುದು ಊಹೆಯ ಮಾತಲ್ಲ. 2016ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಹೊರರೋಗಿಗಳನ್ನು ನೋಡುವ ಡಾಕ್ಟರುಗಳ ಜೊತೆಗಿದ್ದು ಅವರ ಕೆಲಸದ ದಿನವನ್ನು ಅಳೆದರು. ರೋಗಿಯ ಜೊತೆ ಕಳೆದ ಪ್ರತಿ ಒಂದು ಗಂಟೆಗೆ ಹೆಚ್ಚುಕಡಿಮೆ ಎರಡು ಗಂಟೆ ಕಂಪ್ಯೂಟರ್ ದಾಖಲೆ ಮತ್ತು ಮೇಜಿನ ಕೆಲಸಕ್ಕೇ ಹೋಗುತ್ತಿತ್ತು. ನಮ್ಮಲ್ಲಿ ಅಷ್ಟು ಸಮಯ ಕೊಡುತ್ತೇವೆ ಅಂದರೂ ಇಲ್ಲ. 2017ರಲ್ಲಿ ಬೇರೆ ಬೇರೆ ದೇಶಗಳ ಲೆಕ್ಕ ಸೇರಿಸಿ ನೋಡಿದಾಗ ಡಾಕ್ಟರ್ ಒಬ್ಬ ರೋಗಿಗೆ ಕೊಡುವ ಸಮಯ ಬಾಂಗ್ಲಾದೇಶದಲ್ಲಿ 48 ಸೆಕೆಂಡು, ಸ್ವೀಡನ್ನಿನಲ್ಲಿ 22.5 ನಿಮಿಷ ಎಂದು ಬಂತು. ಪ್ರಪಂಚದ ಸುಮಾರು ಅರ್ಧದಷ್ಟು ಜನ ಇರುವ ದೇಶಗಳಲ್ಲಿ ಅದು ಐದು ನಿಮಿಷ ಅಥವಾ ಅದಕ್ಕಿಂತ ಕಡಿಮೆ. ನಮ್ಮ ಓಪಿಡಿ ಹೇಗಿರುತ್ತದೆ ಎಂದು ನಿಮಗೆ ನಾನು ಹೇಳಬೇಕಿಲ್ಲ. ಸ್ವೀಡನ್ನಿನಂಥ ಕಡೆಗೆ ಹೊಂದುವ ಸಾಫ್ಟ್‌ವೇರನ್ನು ಇಲ್ಲಿಗೆ ತಂದು ಹಾಕಿದರೆ, ಒಂದೊಂದು ಹೆಚ್ಚುವರಿ ಒತ್ತುವಿಕೆಯೂ ರೋಗಿಯ ಪಾಲಿನ ಸಮಯದಿಂದಲೇ ಕಿತ್ತುಕೊಂಡದ್ದು.

ಕೈಯಲ್ಲಿ ಹಿಡಿಯುವ ಸಾಧನ ಆಸ್ಪತ್ರೆಗೆ ಹೊಸದಲ್ಲ. 2007ರಲ್ಲೇ ಇಂಟೆಲ್ ಮತ್ತು ಮೋಷನ್ ಕಂಪ್ಯೂಟಿಂಗ್ ಸೇರಿ ಡಾಕ್ಟರ್, ನರ್ಸುಗಳಿಗಾಗಿಯೇ ಸಿ5 ಅನ್ನುವ ಟ್ಯಾಬ್ಲೆಟ್ ತಂದವು. ಹಿಡಿ ಇತ್ತು, ಒರೆಸಿ ಸ್ವಚ್ಛ ಮಾಡಬಹುದಿತ್ತು, ಬಾರ್‌ಕೋಡ್ ಓದುತ್ತಿತ್ತು, ಕ್ಯಾಮೆರಾ ಇತ್ತು. ಬಹಳ ಯೋಚಿಸಿ ಮಾಡಿದ ಸಾಧನ. ಆದರೆ ತೂಕ ಒಂದೂವರೆ ಕೇಜಿಯ ಹತ್ತಿರ. 2010ರಲ್ಲಿ ಬಂದ ಮೊದಲ ಐಪ್ಯಾಡ್ 680 ಗ್ರಾಂ. ಈಗಿನ ಎಂಟು ಇಂಚಿನ ಟ್ಯಾಬ್‌ಗಳು 300 ಗ್ರಾಂ ಆಸುಪಾಸಿನಲ್ಲಿವೆ. ಸಾಧನ ಇಷ್ಟು ಹಗುರವಾಯಿತು. ಅದರೊಳಗಿನ ಸಾಫ್ಟ್‌ವೇರಿನ ಪರದೆ ಮಾತ್ರ ಬಹಳ ಕಡೆ ಹಳೆಯ ಮೇಜಿನ ಕಂಪ್ಯೂಟರಿನದ್ದೇ ಉಳಿಯಿತು. ನಿಮ್ಮ ಆಸ್ಪತ್ರೆಯಲ್ಲೂ ಅದೇ ಆಗುವ ಸಂಭವ ಜಾಸ್ತಿ. ಸಾಫ್ಟ್‌ವೇರ್ ಕಂಪನಿಯವರು "ನಮ್ಮದು ಬ್ರೌಸರಿನಲ್ಲಿ ತೆರೆಯುತ್ತದೆ, ಟ್ಯಾಬ್‌ನಲ್ಲೂ ನಡೆಯುತ್ತದೆ" ಎನ್ನುತ್ತಾರೆ. ತೆರೆಯುತ್ತದೆ, ನಿಜ. ಆದರೆ ಇಪ್ಪತ್ತನಾಲ್ಕು ಇಂಚಿಗೆ ಮಾಡಿದ ಪರದೆಯನ್ನು ಎಂಟು ಇಂಚಿಗೆ ಕುಗ್ಗಿಸಿದರೆ ಒಂದೊಂದು ಸಲವೂ ಎರಡು ಬೆರಳಲ್ಲಿ ಹಿಗ್ಗಿಸಿ, ಅತ್ತಿತ್ತ ಎಳೆದು ಓದಬೇಕು. ಹಿಗ್ಗಿಸಿದಾಗ ಪರದೆಯ ಒಂದು ಭಾಗ ಆಚೆ ಹೋಗುತ್ತದೆ. ಹಾಗೆ ಆಚೆ ಹೋದ ಭಾಗದಲ್ಲಿ ಪೆನಿಸಿಲಿನ್ ಅಲರ್ಜಿ ಎಂದು ಬರೆದಿದ್ದರೆ?

ಬೆರಳಿನ ಲೆಕ್ಕ ಹಳೆಯದು, ಗಟ್ಟಿಯಾದದ್ದು. ಪಾಲ್ ಫಿಟ್ಸ್ ಎಂಬ ಮನಶ್ಶಾಸ್ತ್ರಜ್ಞರು 1954ರಲ್ಲೇ ತೋರಿಸಿದ್ದರು: ಗುರಿ ಚಿಕ್ಕದಾದಷ್ಟೂ, ದೂರವಾದಷ್ಟೂ ಅದನ್ನು ಮುಟ್ಟಲು ಹೆಚ್ಚು ಸಮಯ ಬೇಕು. ಅವಸರ ಮಾಡಿದರೆ ತಪ್ಪು ಹೆಚ್ಚುತ್ತದೆ. ಗೂಗಲ್ ತನ್ನ ಆಂಡ್ರಾಯ್ಡ್ ಆ್ಯಪ್ ಮಾಡುವವರಿಗೆ ಹೇಳುವ ಅಳತೆಯ ಪ್ರಕಾರ ಬೆರಳಲ್ಲಿ ಒತ್ತುವ ಜಾಗ ಸುಮಾರು 9 ಮಿಲಿಮೀಟರ್ ಇರಬೇಕು. ನಿಮ್ಮ ಸಾಫ್ಟ್‌ವೇರಿನಲ್ಲಿ ಔಷಧಿಯ ಪಟ್ಟಿ ತೆರೆದು ಒಂದು ಸ್ಕೇಲ್ ಇಟ್ಟು ಅಳೆದು ನೋಡಿ. ಎರಡು ಸಾಲುಗಳ ನಡುವೆ ಮೂರು ನಾಲ್ಕು ಮಿಲಿಮೀಟರ್ ಮಾತ್ರ ಇದ್ದರೆ, 2.5 ಮಿಲಿಗ್ರಾಂ ಒತ್ತಲು ಹೋಗಿ ಪಕ್ಕದ 25 ಮಿಲಿಗ್ರಾಂ ಒತ್ತುವುದು ಯಾವತ್ತೋ ಒಂದು ದಿನ ಆಗಿಯೇ ತೀರುತ್ತದೆ. ಮೆಥೊಟ್ರೆಕ್ಸೇಟ್‌ನಂಥ ಔಷಧಿಗೆ "ವಾರಕ್ಕೊಮ್ಮೆ" ಬದಲು "ದಿನಕ್ಕೊಮ್ಮೆ" ಒತ್ತಿದರೆ ಜೀವಕ್ಕೇ ಅಪಾಯ ಎಂದು ನಿಮಗೆ ಗೊತ್ತು.

ಇಂಥ ತಪ್ಪುಗಳಿಗೆ ಡಾಕ್ಟರರ ಅಜಾಗರೂಕತೆಯೇ ಕಾರಣ ಎಂದು ಬೆರಳು ತೋರಿಸುವುದು ಸುಲಭ. ಆದರೆ ಬಹಳ ಸಲ ಪರದೆಯೇ ಅದಕ್ಕೆ ದಾರಿ ಮಾಡಿಕೊಟ್ಟಿರುತ್ತದೆ. 2005ರಲ್ಲಿ ಪ್ರಕಟವಾದ ಒಂದು ಅಧ್ಯಯನಕ್ಕಾಗಿ ರಾಸ್ ಕಾಪೆಲ್ ಎಂಬ ಸಂಶೋಧಕರು ಮತ್ತು ಸಂಗಡಿಗರು ಅಮೆರಿಕದ ಒಂದು ದೊಡ್ಡ ಬೋಧನಾ ಆಸ್ಪತ್ರೆಯಲ್ಲಿ ಕಂಪ್ಯೂಟರಿನಲ್ಲಿ ಔಷಧಿ ಬರೆಯುವ ವ್ಯವಸ್ಥೆಯನ್ನು ಪರೀಕ್ಷಿಸಿದರು. ಆ ವ್ಯವಸ್ಥೆಯೇ ಅನುಕೂಲ ಮಾಡಿಕೊಡುವ 22 ಬಗೆಯ ತಪ್ಪುಗಳು ಅವರಿಗೆ ಸಿಕ್ಕವು. ಒಬ್ಬ ರೋಗಿಗೆ ನಡೆಯುತ್ತಿರುವ ಎಲ್ಲ ಔಷಧಿ ನೋಡಲು ಕೆಲವೊಮ್ಮೆ ಇಪ್ಪತ್ತು ಪರದೆಗಳವರೆಗೂ ದಾಟಬೇಕಿತ್ತು. ಫಾರ್ಮಸಿಯಲ್ಲಿ ಯಾವ ಪ್ರಮಾಣದ ಮಾತ್ರೆ ದಾಸ್ತಾನಿದೆ ಎಂಬುದನ್ನು ಪರದೆ ತೋರಿಸಿದರೆ, ಕೆಲವರು ಅದನ್ನೇ ಕೊಡಬೇಕಾದ ಡೋಸ್ ಎಂದು ತಿಳಿಯುತ್ತಿದ್ದರು. ಇದೆಲ್ಲ ದೊಡ್ಡ ಪರದೆಯಲ್ಲಿ ಆದದ್ದು. ಕೈಯಗಲದ ಪರದೆಯಲ್ಲಿ ಇನ್ನೆಷ್ಟು ಜಾಗ್ರತೆ ಬೇಕು, ಯೋಚಿಸಿ.

ಅದಕ್ಕೇ ನಿಮ್ಮ ಸಾಫ್ಟ್‌ವೇರ್ ಕಂಪನಿಯವರನ್ನು ಕೇಳಬೇಕಾದ ಮೊದಲ ವಸ್ತು ಒಂದು "ರೌಂಡ್ಸ್ ಪರದೆ". ಒಂದು ಹಾಸಿಗೆಗೆ ಒಂದೇ ಪರದೆ. ಮೇಲುಗಡೆ ರೋಗಿಯ ಹೆಸರು, ವಯಸ್ಸು, ಹಾಸಿಗೆ ನಂಬರ್, ಐಪಿ (ಒಳರೋಗಿ) ನಂಬರ್, ಅಲರ್ಜಿ. ಎಷ್ಟೇ ಕೆಳಗೆ ಸರಿಸಿದರೂ ಈ ಸಾಲು ಮಾಯವಾಗಬಾರದು. ಅದರ ಕೆಳಗೆ 24 ಗಂಟೆಯ ವೈಟಲ್ಸ್ (ಜ್ವರ, ನಾಡಿ, ಬಿಪಿ ಇತ್ಯಾದಿ), ಇನ್‌ಟೇಕ್-ಔಟ್‌ಪುಟ್ (ದೇಹಕ್ಕೆ ಹೋದ, ಹೊರಬಂದ ದ್ರವದ ಲೆಕ್ಕ), ಹೊಸ ಲ್ಯಾಬ್ ರಿಪೋರ್ಟ್ ಹಿಂದಿನದರ ಜೊತೆಗೆ, ನಡೆಯುತ್ತಿರುವ ಔಷಧಿಗಳು ಎಷ್ಟನೇ ದಿನ ಎಂಬುದರ ಸಮೇತ. ಇಷ್ಟು ಸಾಕು. ವಿಮೆ, ಬಿಲ್ಲು, ವಿಳಾಸ ಅಲ್ಲಿ ಬೇಡ. ಒಂದೇ ವಾರ್ಡಿನಲ್ಲಿ ಇಬ್ಬರು ಮಂಜುನಾಥ, ಮೂವರು ಲಕ್ಷ್ಮಮ್ಮ ಇರುವುದು ನಮ್ಮ ಕಡೆ ದಿನನಿತ್ಯದ ಸಂಗತಿ. ಹಾಗಾಗಿ ಹೆಸರನ್ನು ಪಟ್ಟಿಯಿಂದ ಆರಿಸುವುದರ ಮೇಲೆ ಭರವಸೆ ಇಡಬೇಡಿ. ಕೈಗೆ ಕಟ್ಟಿದ ಪಟ್ಟಿಯ ಬಾರ್‌ಕೋಡನ್ನು ಟ್ಯಾಬ್‌ನ ಕ್ಯಾಮೆರಾದಲ್ಲಿ ಓದಿಸಿ ಕೇಸ್ ಶೀಟ್ ತೆರೆಯುವಂತಿರಲಿ.

ಬಾರ್‌ಕೋಡ್ ಹಾಕಿದರೆ ಎಲ್ಲ ಸರಿಹೋಯಿತು ಎಂದೂ ಅಲ್ಲ. ಕಾಪೆಲ್ ತಂಡವೇ 2008ರಲ್ಲಿ ಪ್ರಕಟಿಸಿದ ಅಧ್ಯಯನಕ್ಕಾಗಿ, ಔಷಧಿ ಕೊಡುವಾಗ ಬಾರ್‌ಕೋಡ್ ಓದಿಸುವ ಪದ್ಧತಿಯನ್ನು ಕೆಲವು ಆಸ್ಪತ್ರೆಗಳಲ್ಲಿ ನೋಡಿ ಬಂತು. ನರ್ಸುಗಳು ರೋಗಿಯ ಬಾರ್‌ಕೋಡಿನ ಇನ್ನೊಂದು ಪ್ರತಿಯನ್ನು ಬಾಗಿಲ ಚೌಕಟ್ಟಿಗೆ, ಕಂಪ್ಯೂಟರ್ ಟ್ರಾಲಿಗೆ, ತಮ್ಮ ಸೊಂಟದ ಬೆಲ್ಟಿಗೆ ಅಂಟಿಸಿಕೊಂಡು ಅಲ್ಲಿಂದಲೇ ಓದಿಸುತ್ತಿದ್ದರು. ಸೋಮಾರಿತನ ಅದಕ್ಕೆ ಕಾರಣವಲ್ಲ. ಸ್ಕ್ಯಾನರ್ ಕೆಟ್ಟಿರುತ್ತಿತ್ತು, ಬ್ಯಾಟರಿ ಸತ್ತಿರುತ್ತಿತ್ತು, ವೈಫೈ ಹೋಗಿರುತ್ತಿತ್ತು, ಕೈಪಟ್ಟಿಯ ಗೆರೆಗಳು ಮಸುಕಾಗಿರುತ್ತಿದ್ದವು. ರೋಗಿ ಕಾಯುವ ಹಾಗಿಲ್ಲ, ಕೆಲಸ ಸಾಗಬೇಕು. ಬ್ಯಾಟರಿ ಮತ್ತು ವೈಫೈ ಐಟಿ ಹುಡುಗರ ತಲೆನೋವು ಎಂದು ಆಡಳಿತ ಮಂಡಳಿಯವರು ಹೇಳಿದರೆ ಈ ಉದಾಹರಣೆ ಕೊಡಿ. ಅವು ರೋಗಿಯ ಸುರಕ್ಷತೆಯ ವಿಷಯಗಳು.

ವೈಫೈ ಬಗ್ಗೆ ಸ್ವಲ್ಪ ಹೆಚ್ಚೇ ಹೇಳುತ್ತೇನೆ, ಏಕೆಂದರೆ ನಮ್ಮಲ್ಲಿ ಬಹಳ ಯೋಜನೆಗಳು ಮಗುಚುವುದು ಇಲ್ಲೇ. ಹಳೆಯ ಕಟ್ಟಡದ ದಪ್ಪ ಗೋಡೆ, ಎಕ್ಸ್‌ರೇ ಕೋಣೆಯ ಸೀಸದ ಹಾಳೆ, ಲಿಫ್ಟ್, ಕಬ್ಬಿಣದ ಬೀರುಗಳ ಸಾಲು, ಎಲ್ಲವೂ ಸಿಗ್ನಲ್ ತಡೆಯುತ್ತವೆ. ಕಾರಿಡಾರಿನಲ್ಲಿ ಚೆನ್ನಾಗಿದ್ದದ್ದು ಮೂಲೆಯ ಹಾಸಿಗೆಯ ಹತ್ತಿರ ಇರುವುದಿಲ್ಲ. ನಡೆಯುತ್ತ ಹೋದಂತೆ ಟ್ಯಾಬ್ ಒಂದು ವೈಫೈ ಪೆಟ್ಟಿಗೆಯಿಂದ ಇನ್ನೊಂದಕ್ಕೆ ದಾಟಬೇಕು. ಆಗ ಸಂಪರ್ಕ ಒಂದು ಕ್ಷಣ ಕಡಿದರೂ ಕೆಲವು ಸಾಫ್ಟ್‌ವೇರುಗಳು ಲಾಗಿನ್ ಪರದೆಗೆ ಒದ್ದು ಕಳಿಸುತ್ತವೆ. ಅರ್ಧ ಬರೆದದ್ದು ಹೋಯಿತು. ಇನ್ನು ಕರೆಂಟ್. ಮಳೆಗಾಲದಲ್ಲಿ ಮಲೆನಾಡಿನ ಕರೆಂಟ್ ಕಥೆ ನಿಮಗೆ ಹೊಸದಲ್ಲ. ಜನರೇಟರ್ ಹತ್ತುವವರೆಗಿನ ಅಷ್ಟು ಹೊತ್ತಲ್ಲಿ ಟ್ಯಾಬ್ ತನ್ನ ಬ್ಯಾಟರಿಯಲ್ಲಿ ನಡೆಯುತ್ತಿರುತ್ತದೆ, ಸರ್ವರ್ ಯುಪಿಎಸ್ ಮೇಲಿರುತ್ತದೆ. ನಡುವಿನ ವೈಫೈ ಪೆಟ್ಟಿಗೆ ಮತ್ತು ನೆಟ್‌ವರ್ಕ್ ಸ್ವಿಚ್ ಮಾತ್ರ ಆರಿಹೋಗಿರುತ್ತವೆ! ಅವನ್ನೂ ಯುಪಿಎಸ್‌ಗೆ ಸೇರಿಸಿ. ಜೊತೆಗೆ, ಸಂಪರ್ಕ ಹೋದಾಗ ಕೊನೆಯದಾಗಿ ಬಂದ ಮಾಹಿತಿಯನ್ನಾದರೂ ಟ್ಯಾಬ್ ತೋರಿಸುವಂತಿರಬೇಕು. ಆದರೆ "ಇದು ಬೆಳಗ್ಗೆ 7.40ರ ಮಾಹಿತಿ" ಎಂದು ಮೇಲೆ ದೊಡ್ಡದಾಗಿ ಕಾಣಲೇಬೇಕು. ಹಳೆಯ ಪೊಟ್ಯಾಸಿಯಂ ನೋಡಿ ಹೊಸ ಡ್ರಿಪ್ ಬರೆಯುವುದು ಅಪಾಯ.

ಲಾಗಿನ್ ಇನ್ನೊಂದು ದೊಡ್ಡ ಕಾಟ. ಇಪ್ಪತ್ತು ರೋಗಿಗಳ ರೌಂಡ್ಸ್‌ನಲ್ಲಿ ಟ್ಯಾಬ್ ಇಪ್ಪತ್ತು ಸಲ ನಿದ್ರೆ ಹೋಗುತ್ತದೆ. ಪ್ರತಿ ಸಲ ಹನ್ನೆರಡು ಅಕ್ಷರದ ಪಾಸ್‌ವರ್ಡ್ ಹೊಡೆಯಬೇಕು ಅಂದರೆ ಏನಾಗುತ್ತದೆ? ಒಬ್ಬರ ಲಾಗಿನ್‌ನಲ್ಲಿ ಎಲ್ಲರೂ ಬರೆಯುತ್ತಾರೆ. ಪಾಸ್‌ವರ್ಡ್ ಚೀಟಿ ಟ್ಯಾಬ್‌ನ ಬೆನ್ನಿಗೆ ಅಂಟುತ್ತದೆ. ಆಮೇಲೆ ಯಾವ ಆದೇಶ ಯಾರದ್ದು ಎಂದು ಪತ್ತೆ ಹಚ್ಚಲಾಗುವುದಿಲ್ಲ. ಬೆರಳಚ್ಚು ಒಳ್ಳೆಯದು ಎನಿಸುತ್ತದೆ. ಆದರೆ ಕೈಗವಸು ಇದ್ದರೆ ನಡೆಯುವುದಿಲ್ಲ, ಸ್ಯಾನಿಟೈಸರ್ ಹಾಕಿ ಹಾಕಿ ಒಣಗಿದ ಬೆರಳನ್ನು ಬಹಳ ಸಲ ಗುರುತಿಸುವುದಿಲ್ಲ. ಮುಖ ಗುರುತಿಸುವುದಕ್ಕೆ ಬಹಳ ಸಲ ಮಾಸ್ಕ್ ಅಡ್ಡ. ನನಗೆ ಸರಿ ಕಂಡ ದಾರಿ ಇದು: ಪಾಳಿಯ ಆರಂಭದಲ್ಲಿ ಒಮ್ಮೆ ಪೂರ್ತಿ ಪಾಸ್‌ವರ್ಡ್ ಅಥವಾ ಗುರುತಿನ ಕಾರ್ಡು, ಆ ಪಾಳಿ ಮುಗಿಯುವವರೆಗೆ ಚಿಕ್ಕ ಪಿನ್. ಟ್ಯಾಬ್ ಲಾಕ್ ಆಗಿ ತೆರೆದಾಗ ಬಿಟ್ಟ ರೋಗಿಯ ಪುಟವೇ ಬರಬೇಕು. ಇನ್ನೊಬ್ಬರು ಪಿನ್ ಹೊಡೆದರೆ ಆ ಪುಟ ಮುಚ್ಚಿ, ಅವರ ಪಟ್ಟಿ ಬರಬೇಕು.

ಸೋಂಕಿನ ವಿಷಯದಲ್ಲಿ ನಿಮಗೆ ನನಗಿಂತ ಜಾಸ್ತಿ ಗೊತ್ತು. ಸಾಧನದ ಕಡೆಯಿಂದ ಎರಡೇ ಮಾತು. ನಮ್ಮ ಆಸ್ಪತ್ರೆಗಳಲ್ಲಿ ಎಲ್ಲದಕ್ಕೂ ಹೈಪೋ (ಬ್ಲೀಚ್ ದ್ರಾವಣ) ಹಾಕಿ ಒರೆಸುವ ರೂಢಿ ಇದೆ. ಟ್ಯಾಬ್‌ಗೆ ಅದು ಬೇಡ. ಆ್ಯಪಲ್‌ನವರು ತಮ್ಮ ಸಾಧನಗಳನ್ನು 70 ಶೇಕಡಾ ಐಸೊಪ್ರೊಪೈಲ್ ಆಲ್ಕೋಹಾಲ್ ಇರುವ ವೈಪ್‌ನಿಂದ ಒರೆಸಬಹುದು ಎಂದು 2020ರಲ್ಲಿ ಸ್ಪಷ್ಟವಾಗಿ ಹೇಳಿದರು, ಬ್ಲೀಚ್ ಬೇಡ ಎಂದೂ ಹೇಳಿದರು. ನೀವು ಕೊಳ್ಳುವ ಕಂಪನಿಯ ಕೈಪಿಡಿಯಲ್ಲಿ ಏನಿದೆ ಎಂದು ಮೊದಲೇ ಓದಿ. ಎರಡನೆಯದು, ಚರ್ಮದ ಮಡಚುವ ಕವರ್ ಹಾಕಬೇಡಿ. ಅದನ್ನು ಸ್ವಚ್ಛ ಮಾಡಲಾಗದು. ಮೂಲೆಗಳಿಗೆ ಸಂದಿ ಇಲ್ಲದ ಸಿಲಿಕೋನ್ ಕವರ್, ಹಿಂದೆ ಕೈ ತೂರಿಸುವ ಪಟ್ಟಿ ಸಾಕು. ಐಸಿಯು ಟ್ಯಾಬ್ ಐಸಿಯು ಬಿಟ್ಟು ಹೊರಗೆ ಬರಬಾರದು. ರೋಗಿಯಿಂದ ರೋಗಿಗೆ ಹೋಗುವಾಗ ಕೈಗೆ ಹಚ್ಚಿದ ಸ್ಯಾನಿಟೈಸರ್ ಒಣಗುವ ಮೊದಲೇ ಪರದೆ ಮುಟ್ಟಿದರೆ ಅದು ತಪ್ಪು ಜಾಗ ಒತ್ತಿದಂತೆ ವರ್ತಿಸಬಹುದು. ಆದ್ದರಿಂದ ಔಷಧಿ ಆದೇಶಕ್ಕೆ "ಹೌದು, ಇದೇ" ಎಂದು ಇನ್ನೊಮ್ಮೆ ಕೇಳುವ ಹೆಜ್ಜೆ ಇರಲಿ. ಬೇರೆ ಎಲ್ಲದಕ್ಕೂ ಕೇಳಬಾರದು. ಎಲ್ಲದಕ್ಕೂ ಕೇಳಿದರೆ ಯಾರೂ ಓದದೆ ಒತ್ತುತ್ತಾರೆ.

ಈಗ ವಾಟ್ಸಾಪ್. ನಿಮ್ಮ ಡ್ಯೂಟಿ ಡಾಕ್ಟರುಗಳನ್ನು ಬೈಯುವ ಮೊದಲು, ಅವರು ಯಾಕೆ ಹಾಗೆ ಮಾಡುತ್ತಾರೆ ನೋಡಿ. ರಾತ್ರಿ ಎರಡು ಗಂಟೆಗೆ ಎದೆನೋವಿನ ರೋಗಿ ಬರುತ್ತಾರೆ. ಇಸಿಜಿಯ ಫೋಟೊ ಕಳಿಸಿದರೆ ನೀವು ಅರ್ಧ ನಿಮಿಷದಲ್ಲಿ ಉತ್ತರಿಸುತ್ತೀರಿ. ಆ ವೇಗ ಒಬ್ಬ ಮನುಷ್ಯನ ಜೀವ ಉಳಿಸಬಹುದು. ಆದರೆ ಆ ಫೋಟೊ ಇಬ್ಬರ ಗ್ಯಾಲರಿಯಲ್ಲಿ ಉಳಿಯುತ್ತದೆ, ಅಲ್ಲಿಂದ ತಾನಾಗಿಯೇ ಕ್ಲೌಡ್‌ಗೆ ಹೋಗುತ್ತದೆ, ಮನೆಯವರ ಕೈಗೂ ಫೋನ್ ಸಿಗುತ್ತದೆ. ಕೇಸ್ ಶೀಟಿನಲ್ಲಿ ಮಾತ್ರ ಅದರ ಸುಳಿವೇ ಇರುವುದಿಲ್ಲ. ನೀವು ಕೊಟ್ಟ ಸಲಹೆಯೂ ದಾಖಲಾಗುವುದಿಲ್ಲ. 2002ರ ವೈದ್ಯಕೀಯ ನಡತೆಯ ನಿಯಮಗಳ ಪ್ರಕಾರ ಒಳರೋಗಿಯ ದಾಖಲೆಯನ್ನು ಮೂರು ವರ್ಷ ಇಟ್ಟುಕೊಳ್ಳಬೇಕು, ರೋಗಿ ಕೇಳಿದರೆ 72 ಗಂಟೆಯೊಳಗೆ ಕೊಡಬೇಕು. ಚಾಟ್‌ನಲ್ಲಿ ಹೋದ ಅರ್ಧ ಚಿಕಿತ್ಸೆಯನ್ನು ಎಲ್ಲಿಂದ ತೆಗೆದುಕೊಡುತ್ತೀರಿ? 2023ರಲ್ಲಿ ಡಿಜಿಟಲ್ ವೈಯಕ್ತಿಕ ಮಾಹಿತಿ ರಕ್ಷಣೆಯ ಕಾಯ್ದೆಯೂ ಬಂದಿದೆ. ಮಾಹಿತಿ ಸೋರಿದರೆ ಜವಾಬ್ದಾರಿ ಆಸ್ಪತ್ರೆಯ ಮೇಲೆ ಬರುತ್ತದೆ.

ಬರೀ ಸುತ್ತೋಲೆ ಹೊರಡಿಸಿ ಇದನ್ನು ನಿಲ್ಲಿಸಲಾಗದು. ವಾಟ್ಸಾಪ್‌ನಷ್ಟೇ ವೇಗದ ಇನ್ನೊಂದು ದಾರಿ ಕೊಡಬೇಕು. ಇಲ್ಲೇ ಫೋನಿಗೆ ಸರಿಯಾದ ಜಾಗ ಇರುವುದು. ಆಸ್ಪತ್ರೆಯ ಆ್ಯಪ್‌ನಲ್ಲೇ ಇಸಿಜಿ ಫೋಟೊ ತೆಗೆದರೆ ಅದು ಗ್ಯಾಲರಿಗೆ ಹೋಗದೆ ನೇರ ಕೇಸ್ ಶೀಟಿಗೆ ಸೇರಬೇಕು, ಆನ್‌ಕಾಲ್ ಡಾಕ್ಟರಿಗೆ ಗಂಟೆ ಬಾರಿಸಬೇಕು, ಅವರು ಬರೆದ ಎರಡು ಸಾಲಿನ ಉತ್ತರವೂ ಅಲ್ಲೇ ಉಳಿಯಬೇಕು. ಮನೆಯಲ್ಲಿರುವ ಡಾಕ್ಟರ್ ಲ್ಯಾಬ್ ರಿಪೋರ್ಟ್ ನೋಡಲು, ಗಂಭೀರ ಫಲಿತಾಂಶದ ಸೂಚನೆ ಪಡೆಯಲು ಫೋನ್ ಸಾಕು. ಪೂರ್ತಿ ಕೇಸ್ ಶೀಟ್ ಓದಲು, ಹತ್ತು ಔಷಧಿಯ ಚಾರ್ಟ್ ಬದಲಿಸಲು ಅದು ಚಿಕ್ಕದು. ಸ್ವಂತ ಫೋನಿನಲ್ಲಿ ಆ್ಯಪ್ ಹಾಕಿಸುವುದಾದರೆ ಫೋನ್ ಕಳೆದಾಗ ಆಸ್ಪತ್ರೆಯ ಭಾಗವನ್ನು ಮಾತ್ರ ದೂರದಿಂದ ಅಳಿಸುವ ವ್ಯವಸ್ಥೆ ಇರಬೇಕು. ಡಾಕ್ಟರರ ಮಗುವಿನ ಫೋಟೊಗಳು ಅಳಿಯಬಾರದು. ಈ ಭರವಸೆ ಮೊದಲೇ ಕೊಡದಿದ್ದರೆ ಯಾರೂ ಹಾಕಿಸಿಕೊಳ್ಳುವುದಿಲ್ಲ, ಅದು ನ್ಯಾಯವೂ ಹೌದು.

ಎಕ್ಸ್‌ರೇ, ಸಿಟಿ ಟ್ಯಾಬ್‌ನಲ್ಲಿ ನೋಡಬಹುದಾ ಎಂದು ಮುಂದೆ ಯಾರಾದರೂ ಕೇಳಿಯೇ ಕೇಳುತ್ತಾರೆ. ಔಷಧಿ, ವೈದ್ಯಕೀಯ ಸಾಧನಗಳಿಗೆ ಒಪ್ಪಿಗೆ ಕೊಡುವ ಅಮೆರಿಕದ ಸಂಸ್ಥೆ ಎಫ್‌ಡಿಎ 2011ರಲ್ಲಿ ಐಫೋನ್, ಐಪ್ಯಾಡಿನಲ್ಲಿ ಸಿಟಿ, ಎಂಆರ್‌ಐ ನೋಡುವ ಒಂದು ಆ್ಯಪ್‌ಗೆ ಮೊದಲ ಸಲ ಒಪ್ಪಿಗೆ ಕೊಟ್ಟಾಗಲೂ ಷರತ್ತು ಹಾಕಿತ್ತು: ಸ್ಕ್ಯಾನ್ ನೋಡುವ ದೊಡ್ಡ ಕಂಪ್ಯೂಟರ್ (ವರ್ಕ್‌ಸ್ಟೇಷನ್) ಕೈಗೆ ಸಿಗದಿದ್ದಾಗ ಮಾತ್ರ. ಆ ಎಚ್ಚರ ಈಗಲೂ ಒಳ್ಳೆಯದು. ಕಿಟಕಿಯ ಬೆಳಕು ಬೀಳುವ ವಾರ್ಡಿನಲ್ಲಿ, ಬೆರಳಚ್ಚು ಮೆತ್ತಿದ ಗಾಜಿನ ಮೇಲೆ ನ್ಯುಮೊಥೊರಾಕ್ಸ್‌ನ (ಶ್ವಾಸಕೋಶದ ಸುತ್ತ ಗಾಳಿ ಸೇರುವುದು) ತೆಳುವಾದ ಗೆರೆ ಹುಡುಕಬಾರದು. ಅಂತಿಮ ರಿಪೋರ್ಟ್ ರೇಡಿಯಾಲಜಿಸ್ಟರ ಪರದೆಯಲ್ಲೇ ಆಗಲಿ.

ಆದರೆ ಅದೇ ಎಕ್ಸ್‌ರೇಯನ್ನು ರೋಗಿಗೆ ತೋರಿಸಲು ಟ್ಯಾಬ್‌ನಷ್ಟು ಒಳ್ಳೆಯದು ಬೇರೆ ಇಲ್ಲ. ನಾನು ಟ್ಯಾಬ್ ಬೇಕೇ ಬೇಕು ಅನ್ನುವುದು ಬಹುಶಃ ಈ ಒಂದು ಕಾರಣಕ್ಕೆ. "ನೋಡಿ ಅಜ್ಜ, ಸೋಮವಾರ ಇಲ್ಲೆಲ್ಲ ಬೆಳ್ಳಗಿತ್ತು, ಈಗ ಕಡಿಮೆ ಆಗಿದೆ" ಎಂದು ಹಾಸಿಗೆಯ ಪಕ್ಕದಲ್ಲಿ ತೋರಿಸಿದರೆ ಅವರಿಗೂ ಮಗನಿಗೂ ಆಗುವ ಧೈರ್ಯ ದೊಡ್ಡದು. ಸಕ್ಕರೆ ಕಾಯಿಲೆಯವರಿಗೆ ಮೂರು ತಿಂಗಳ ಗೆರೆ ತೋರಿಸಿ. ಅನ್ನ ಕಡಿಮೆ ಮಾಡಿ ಎಂದು ಬರೀ ಬಾಯಲ್ಲಿ ಹೇಳುವುದಕ್ಕಿಂತ ಅದು ಹೆಚ್ಚು ನಾಟುತ್ತದೆ. ಟ್ಯಾಬ್ ಎದೆಗೆ ಅಡ್ಡ ಹಿಡಿದು ಅದರ ಹಿಂದೆ ಮುಖ ಮರೆಸಬೇಡಿ. ಹೊಟ್ಟೆಯ ಮಟ್ಟದಲ್ಲಿ, ರೋಗಿಗೂ ಕಾಣುವ ಹಾಗೆ ಓರೆಯಾಗಿ ಹಿಡಿಯಿರಿ. ಏನು ನೋಡುತ್ತಿದ್ದೀರಿ ಎಂದು ಬಾಯಿಬಿಟ್ಟು ಹೇಳಿ. ಇಲ್ಲದಿದ್ದರೆ ಡಾಕ್ಟರ್ ಫೋನ್ ನೋಡುತ್ತ ನಿಂತಿದ್ದಾರೆ ಎಂದೇ ಅವರು ತಿಳಿಯುತ್ತಾರೆ. ಮನೆಗೆ ಹೋಗುವಾಗ ಕೊಡುವ ಔಷಧಿ ಪಟ್ಟಿ ಕನ್ನಡದಲ್ಲಿ, ಬೆಳಗ್ಗೆ-ಮಧ್ಯಾಹ್ನ-ರಾತ್ರಿ ಎಂಬ ಮೂರು ಕಾಲಂನಲ್ಲಿ ಮುದ್ರಣವಾಗುವಂತೆ ಕೇಳಿ. ಡಾಕ್ಟರ್ 1-0-1 ಎಂದು ಒತ್ತಿದರೆ ಉಳಿದದ್ದನ್ನು ಸಾಫ್ಟ್‌ವೇರ್ ಮಾಡಬೇಕು.

ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ 2021ರಿಂದ ದೇಶದಾದ್ಯಂತ ನಡೆಯುತ್ತಿದೆ. ಅದರಡಿ ಕೊಡುವ 14 ಅಂಕಿಯ ಆರೋಗ್ಯ ಗುರುತಿನ ಸಂಖ್ಯೆ, ಅಂದರೆ ಆಭಾ ನಂಬರ್ ಇರುವ ರೋಗಿಗಳು ನಿಮ್ಮಲ್ಲಿಗೂ ಬರುತ್ತಿರಬೇಕು. ರೋಗಿ ಒಪ್ಪಿದರೆ ಬೇರೆ ಆಸ್ಪತ್ರೆಯ ದಾಖಲೆ ನಿಮಗೆ ಸಿಗಬಹುದು. ಆದರೆ ಅದು ಸ್ಕ್ಯಾನ್ ಮಾಡಿದ ಪಿಡಿಎಫ್ ಆಗಿ ಬಂದರೆ ಎಂಟು ಇಂಚಿನಲ್ಲಿ ಓದುವುದು ಕಷ್ಟ. ಅಂಥದ್ದನ್ನು ದೊಡ್ಡ ಪರದೆಯಲ್ಲಿ ಒಮ್ಮೆ ಓದಿ, ಮುಖ್ಯವಾದ ಎರಡು ಸಾಲು ಕೇಸ್ ಶೀಟಿಗೆ ಬರೆಸಿ.

ಇನ್ನು ಪರೀಕ್ಷೆ. ಕೊಳ್ಳುವ ಮೊದಲು ಒಂದು ವಾರ್ಡಿನಲ್ಲಿ ಒಂದು ತಿಂಗಳು ನಡೆಸಿ. ನಾಲ್ಕೈದು ಟ್ಯಾಬ್, ಒಂದು ಟ್ರಾಲಿ. ಐಎಸ್‌ಒ 9241 ಎಂಬ ಅಂತರರಾಷ್ಟ್ರೀಯ ಮಾನದಂಡದ ಹನ್ನೊಂದನೇ ಭಾಗ ಬಳಕೆಯ ಸುಲಭತೆಯನ್ನು ಮೂರು ಮಾತಲ್ಲಿ ಹೇಳುತ್ತದೆ: ಕೆಲಸ ಸರಿಯಾಗಿ ಆಯಿತಾ, ಎಷ್ಟು ಶ್ರಮದಲ್ಲಿ ಆಯಿತು, ಮಾಡಿದವರಿಗೆ ತೃಪ್ತಿ ಇದೆಯಾ. ಇವನ್ನು ನಿಜವಾದ ಜಾಗದಲ್ಲೇ ಅಳೆಯಬೇಕು. ಮೀಟಿಂಗ್ ಹಾಲಿನಲ್ಲಿ ಕಂಪನಿಯವರು ತೋರಿಸುವ ಡೆಮೊ ಲೆಕ್ಕಕ್ಕಿಲ್ಲ. ಐದಾರು ಡಾಕ್ಟರುಗಳನ್ನು ಆರಿಸಿ. ಅದರಲ್ಲಿ ನಿಮ್ಮ ಹಿರಿಯ ಸರ್ಜನ್ ಇರಲೇಬೇಕು, ಮೊನ್ನೆ ಸೇರಿದ ಡ್ಯೂಟಿ ಡಾಕ್ಟರೂ ಇರಬೇಕು. ಒಂದಿಬ್ಬರು ಸಿಸ್ಟರ್‌ಗಳನ್ನೂ ಸೇರಿಸಿ, ನಿಮ್ಮ ಆದೇಶ ಅವರಿಗೆ ಹೇಗೆ ತಲುಪುತ್ತದೆ ಎಂಬುದು ಅವರಿಂದಲೇ ಗೊತ್ತಾಗಬೇಕು. ಪರೀಕ್ಷೆಗಾಗಿಯೇ ಮಾಡಿದ ನಕಲಿ ರೋಗಿಗಳ ದಾಖಲೆಯಲ್ಲಿ ಕೆಲವು ಕೆಲಸ ಕೊಡಿ. ನಿನ್ನೆ ಸಂಜೆಯ ಪೊಟ್ಯಾಸಿಯಂ ಹುಡುಕಿ. ಒಂದು ಆಂಟಿಬಯಾಟಿಕ್ ನಿಲ್ಲಿಸಿ. ಒಂದೇ ಹೆಸರಿನ ಇಬ್ಬರಲ್ಲಿ ಸರಿಯಾದವರಿಗೆ ಎಕ್ಸ್‌ರೇ ಬರೆಯಿರಿ. ಮಾಡುತ್ತ ಮಾಡುತ್ತ ಮನಸ್ಸಿಗೆ ಬಂದದ್ದನ್ನು ಜೋರಾಗಿ ಹೇಳಲು ಹೇಳಿ. ಪಕ್ಕದಲ್ಲಿ ನಿಂತವರು ಸಹಾಯ ಮಾಡಬಾರದು, ಸುಮ್ನೆ ಬರೆದುಕೊಳ್ಳಬೇಕು. ಎಲ್ಲಿ ತಡವರಿಸಿದರು, ಎಲ್ಲಿ ತಪ್ಪು ಒತ್ತಿದರು, ಎಷ್ಟು ಸೆಕೆಂಡು ಹಿಡಿಯಿತು. ಬೆಳಗಿನ ರೌಂಡ್ಸ್ ಒಂದೇ ಸಾಲದು. ರಾತ್ರಿ ಪಾಳಿಯ ಮಂದ ಬೆಳಕಿನಲ್ಲೂ ನೋಡಿ.

ತಿಂಗಳ ಕೊನೆಗೆ ಬಳಕೆ ಎಷ್ಟು ಸುಲಭ ಎಂದು ಅಳೆಯುವ ಎಸ್‌ಯುಎಸ್ ಎಂಬ ಹತ್ತು ಪ್ರಶ್ನೆಯ ಪಟ್ಟಿ ಕೊಡಿ. ಜಾನ್ ಬ್ರೂಕ್ 1986ರಲ್ಲಿ ಮಾಡಿದ್ದು, ಬಳಸಲು ದುಡ್ಡು ಕೊಡಬೇಕಿಲ್ಲ, ತುಂಬಲು ಐದು ನಿಮಿಷವೂ ಬೇಡ. ನೂರಕ್ಕೆ ಅಂಕ ಬರುತ್ತದೆ. ಸಾಮಾನ್ಯವಾಗಿ 68 ಸರಾಸರಿ ಎಂದು ಹಿಡಿಯುತ್ತಾರೆ. ಟ್ಯಾಬ್‌ಗೆ ಬೇರೆ, ಟ್ರಾಲಿಗೆ ಬೇರೆ, ಈಗಿನ ಮೇಜಿನ ಕಂಪ್ಯೂಟರಿಗೆ ಬೇರೆ ತುಂಬಿಸಿ, ಹೋಲಿಸಿ. ಆಡಳಿತ ಮಂಡಳಿಯ ಮುಂದೆ ಇಡಲು ಆ ಮೂರು ಅಂಕಿಗಳು ಬಹಳ ಉಪಯೋಗ.

ಎಷ್ಟು ಟ್ಯಾಬ್ ಎಂಬ ಲೆಕ್ಕವನ್ನು ಡಾಕ್ಟರುಗಳ ತಲೆ ಎಣಿಸಿ ಹಾಕಬೇಡಿ. ಬೆಳಗ್ಗೆ ಒಂಬತ್ತಕ್ಕೆ ಏಕಕಾಲಕ್ಕೆ ರೌಂಡ್ಸ್‌ನಲ್ಲಿ ಇರುವ ತಂಡಗಳು ಎಷ್ಟು ಎಂದು ಎಣಿಸಿ. ಅಷ್ಟು, ಮೇಲೆ ಎರಡು ಮೂರು ಹೆಚ್ಚಿಗೆ. ನರ್ಸಿಂಗ್ ಸ್ಟೇಷನ್‌ನಲ್ಲಿ ಚಾರ್ಜಿಂಗ್ ಸ್ಟ್ಯಾಂಡ್, ಪ್ರತಿ ಟ್ಯಾಬ್‌ಗೆ ನಂಬರ್, ಪಾಳಿ ಬದಲಾಗುವಾಗ ಎಣಿಸಿ ಸಹಿ ಹಾಕುವ ಒಬ್ಬರು. ಇದನ್ನು ಸಿಸ್ಟರ್‌ಗಳ ತಲೆಗೆ ಇನ್ನೊಂದು ಹೊರೆಯಾಗಿ ಹಾಕಬೇಡಿ, ಎಂಆರ್‌ಡಿ (ವೈದ್ಯಕೀಯ ದಾಖಲೆ ವಿಭಾಗ) ಅವರಿಗೆ ವಹಿಸಿ. ಟ್ರಾಲಿ ತರಿಸುವಾಗ ನಿಮ್ಮ ಬಾಗಿಲುಗಳ ಹೊಸ್ತಿಲು, ಹಾಸಿಗೆಗಳ ನಡುವಿನ ಅಂತರ ಅಳೆದು ತರಿಸಿ. ಎತ್ತರ ಹೆಚ್ಚು ಕಡಿಮೆ ಮಾಡುವಂತಿರಲಿ, ಎಲ್ಲರೂ ಒಂದೇ ಎತ್ತರ ಇರುವುದಿಲ್ಲ.

ನಿಮ್ಮ ಹಿರಿಯ ಸರ್ಜನ್ ಬಗ್ಗೆ. ಅವರನ್ನು ಟೈಪಿಂಗ್ ಕಲಿಯಿರಿ ಎಂದು ಒತ್ತಾಯಿಸಬೇಡಿ. ಅವರ ಜೊತೆ ರೌಂಡ್ಸ್‌ಗೆ ಬರುವ ಡ್ಯೂಟಿ ಡಾಕ್ಟರ್ ಟ್ರಾಲಿಯಲ್ಲಿ ಬರೆಯಲಿ, ಸರ್ಜನ್ ಹೇಳಲಿ. ಪ್ರತಿ ಆದೇಶವನ್ನೂ ಬರೆದವರು ಗಟ್ಟಿಯಾಗಿ ಓದಿ ಹೇಳಬೇಕು, ಸರ್ಜನ್ ಟ್ಯಾಬ್‌ನಲ್ಲಿ ನೋಡಿ ತಮ್ಮದೇ ಪಿನ್ ಹಾಕಿ ಒಪ್ಪಬೇಕು. ಅವರಿಗೆ ಅಕ್ಷರ ದೊಡ್ಡದು ಬೇಕಾದರೆ ದೊಡ್ಡದು ಮಾಡಿಕೊಡಿ. ಚಾಳೀಸು ಬಂದ ಕಣ್ಣಿಗೆ ಬೂದು ಹಿನ್ನೆಲೆಯ ಮೇಲೆ ತಿಳಿ ಬೂದು ಅಕ್ಷರ ಓದಿಸುವುದು ಅನ್ಯಾಯ. ಟ್ಯಾಬ್‌ನಲ್ಲಿ ತಮ್ಮ ಆಪರೇಷನ್ ರೋಗಿಗಳ ಪಟ್ಟಿ, ಡ್ರೈನ್ ಎಷ್ಟು ಬಂತು, ಹಿಮೋಗ್ಲೋಬಿನ್ ಎಷ್ಟು ಎಂಬುದು ಒಂದೇ ನೋಟಕ್ಕೆ ಸಿಕ್ಕಿದರೆ ಅವರೇ ಮೊದಲು ಕೇಳಿ ಪಡೆಯುತ್ತಾರೆ. ಹಿರಿಯರು ದೂರ ಉಳಿಯುವುದು ಸಾಮಾನ್ಯವಾಗಿ ಬರೆಯುವ ಕೆಲಸ ತಮ್ಮ ಮೇಲೆ ಬಿತ್ತು ಎಂಬ ಕಾರಣಕ್ಕೆ, ಓದುವುದು ಬೇಡ ಎಂದಲ್ಲ.

ಒಂದು ವೇಳೆ ಪರೀಕ್ಷೆಯಲ್ಲಿ ಆ ರೌಂಡ್ಸ್ ಪರದೆ ಚೆನ್ನಾಗಿ ಬರಲಿಲ್ಲ, ಕಂಪನಿಯವರು ಮಾಡಿಕೊಡಲೂ ಒಪ್ಪಲಿಲ್ಲ ಅನ್ನಿ. ಆಗ ಟ್ಯಾಬ್ ದುಡ್ಡನ್ನು ಹಿಡಿದಿಟ್ಟು, ವಾರ್ಡಿಗೆ ಎರಡು ಟ್ರಾಲಿ ಲ್ಯಾಪ್‌ಟಾಪ್ ಮತ್ತು ಗಟ್ಟಿ ವೈಫೈ ಮಾಡಿಸಿ. ಈಗಿರುವ ಸಾಫ್ಟ್‌ವೇರೇ ಅದರಲ್ಲಿ ಸರಿಯಾಗಿ ಕಾಣುತ್ತದೆ, ನಿಮ್ಮ ರೋಗಿಯ ಮಾಹಿತಿ ನಾಳೆಯಿಂದಲೇ ಹಾಸಿಗೆಯ ಪಕ್ಕಕ್ಕೆ ಬರುತ್ತದೆ. ಮುಂದಿನ ಸಲ ಸಾಫ್ಟ್‌ವೇರ್ ಒಪ್ಪಂದ ನವೀಕರಿಸುವಾಗ ರೌಂಡ್ಸ್ ಪರದೆಯನ್ನು ಷರತ್ತಾಗಿ ಬರೆಸಿ, ಬೇರೆ ಕಂಪನಿಗೆ ಹೋಗಬೇಕಾದರೆ ಎಲ್ಲ ದಾಖಲೆಗಳನ್ನು ಪೂರ್ತಿಯಾಗಿ ಹೊರತೆಗೆದು ಕೊಡಬೇಕು ಎಂಬ ಮಾತನ್ನೂ ಅದರಲ್ಲಿ ಸೇರಿಸಿ.